ಪೂಜೆಗಿಟ್ಟ ಮಚ್ಚು

ಪ್ರಳಯವಾಗಿ ವರ್ಷ ತುಂಬಿತ್ತು. ಕಲ್ಯಾಣಮಂಟಪದಲ್ಲಿ ಬದುಕುಳಿದಿದ್ದ ಹನ್ನೊಂದು ಜನಕ್ಕೆ ಡ್ರಿಲ್ ಮೇಷ್ಟ್ರು ಮರಿಸಿದ್ದಪ್ಪನವರೇ ಸೇನಾಪತಿ. ಇವರ ಅಕ್ಕಿ ಮೂಟೆಗಳ ಮೇಲೆ ಕೆರೆಯಾಚೆಯ ಗುಂಪಿನ ಕಣ್ಣು ಬಿದ್ದಿದೆ ಎಂದು ತಿಳಿದ ದಿನವೇ ಅವರು ಆಯುಧಗಳ ಪರೀಕ್ಷೆಗೆ ಕೂತರು. ಬಂದೂಕಿಗೆ ಗುಂಡಿರಲಿಲ್ಲ, ನೂರಕ್ಕೆ ಹತ್ತು ಅಂಕ. ನಾಟಕದ ಕತ್ತಿ ಕುಂಬಳಕಾಯಿ ಕಡಿಯಲು ಹೋಗಿ ತಾನೇ ಬಾಗಿತು, ನಪಾಸು. ಎಳನೀರು ಕೊಚ್ಚುವ ಮಚ್ಚು ಮಾತ್ರ ಫಸ್ಟ್ ಕ್ಲಾಸಿನಲ್ಲಿ ಪಾಸಾಯಿತು.

ಮರುದಿನ ಬೆಳಿಗ್ಗೆ ಮಾಳಿಗೆಯ ಮೇಲಿದ್ದ ಕಾವಲಿನವನು ಕೂಗಿಕೊಂಡ. "ಮೇಷ್ಟ್ರೇ, ಆಚೆ ಗುಂಪಿನವ್ರು ಬಂದ್ರು!"

ಮೇಷ್ಟ್ರು ಮಚ್ಚಿಗಾಗಿ ಒಳಗೆ ಓಡಿದರು. ಅದು ಅರಿಶಿನ ಕುಂಕುಮ ಹಚ್ಚಿಸಿಕೊಂಡು, ದಾಸವಾಳ ಮುಡಿದು ಮಣೆಯ ಮೇಲೆ ಕೂತಿತ್ತು. ಅಡುಗೆಯ ಪುಟ್ಟತಾಯಮ್ಮ ಅಡ್ಡ ನಿಂತರು.

"ಇವತ್ತು ಆಯುಧಪೂಜೆ. ಪೂಜೆಗಿಟ್ಟಿದ್ದನ್ನ ನಾಳೆವರೆಗೂ ಮುಟ್ಟಂಗಿಲ್ಲ."

"ಜೀವ ಹೋಗುತ್ತಮ್ಮಾ!"

"ಹೋಗ್ಲಿ. ಪ್ರಳಯ ಯಾಕಾಯ್ತು ಅಂದ್ಕೊಂಡ್ರಿ? ಇಂಥ ತಾತ್ಸಾರಕ್ಕೇ."

ಮೇಷ್ಟ್ರು ಮಚ್ಚಿನತ್ತ ಕೈ ಚಾಚಿದರು. ಕುಂಕುಮ ಕಂಡದ್ದೇ ಕೈ ತಾನಾಗಿ ಹಿಂದೆ ಸರಿದು ಇನ್ನೊಂದು ಕೈಯೊಡನೆ ನಮಸ್ಕಾರಕ್ಕೆ ಜೋಡಿಕೊಂಡಿತು. ಬೇರೆ ದಾರಿ ಕಾಣದೆ ಬರಿಗೈಯಲ್ಲೇ ಹೋಗಿ, ಎದೆಯುಬ್ಬಿಸಿ ಬಾಗಿಲು ತೆರೆದರು.

ಎದುರಿಗೆ ಕೆರೆಯಾಚೆಯ ಯಜಮಾನ ನಿಂತಿದ್ದ, ಜೊತೆಗೆ ಇಬ್ಬರು ದಾಂಡಿಗರು. ಮೂವರ ಕೈಯೂ ಖಾಲಿ.

"ಒಂದೇ ಒಂದು ನಿಂಬೆಹಣ್ಣಿದ್ರೆ ಕೊಡಿ ಸಾರ್," ಎಂದ ಯಜಮಾನ, ಸಂಕೋಚದಿಂದ. "ಪೂಜೆ ಅದಕ್ಕೇ ನಿಂತೋಗಿದೆ. ಪೂಜೆ ಆಗ್ದೆ ನಾಳೆ ನಿಮ್ಮನ್ನ ಹೆಂಗೆ ಕಡಿಯೋದು?"