ಮೂರು ಕಣ್ಣಿನವರ ಭಾಗ

ಆ ದಿನ ಎಲ್ಲರಿಗಿಂತ ದಡ್ಡ ಮಾತಾಡಿದವನು ನಾನೇ, ಅದೂ ಸಿನಿಮಾದ ಕ್ಯಾಪ್ಟನ್ನನ ದನಿ ತೆಗೆದು. ಇಂದಿಗೂ ಬಸ್ಸಿನ ಕಿಟಕಿಯ ಕಬ್ಬಿಣದ ಸಳಿ ಹಿಡಿದ ಅಂಗೈ ಮೂಸಿದರೆ ಕಿತ್ತೂರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ನಮ್ಮ ಮನೆಯ ಪಡಸಾಲೆಯ ಟಿವಿಯಲ್ಲಿ ಅಂತರಿಕ್ಷ ಹಡಗಿನ ಸಿನಿಮಾದ ಐದನೇ ಭಾಗ ಮುಗಿದಿತ್ತು. ಯಾವ ಭಾಗ ಚಲೋ, ಯಾವುದು ರದ್ದಿ ಎಂದು ನಾವು ಹುಡುಗರು ಕಚ್ಚಾಡುತ್ತಿದ್ದೆವು. ನನ್ನ ಕ್ಲಾಸಿನ ರೇಣುಕಾ ಕಿಟಕಿಯ ಆಚೆ ಸಳಿ ಹಿಡಿದು ನಿಂತಿದ್ದಳು. ಅವಳ ಓಣಿಯವರು ನಮ್ಮ ಹೊಸ್ತಿಲು ದಾಟುತ್ತಿರಲಿಲ್ಲ.

ಅಜ್ಜಿ ನಮಗೆಲ್ಲ ಕಪ್ಪುಬಸಿಯಲ್ಲಿ ಚಹಾ ಕೊಟ್ಟು, ಅವಳಿಗೆ ಕಾಗದದ ಕಪ್ಪನ್ನು ಸಳಿಯ ನಡುವೆ ತೂರಿಸಿದಳು. "ಕುಡದ ಒಗದ ಬಿಡ ಯವ್ವಾ, ತೊಳಿಯೂ ತ್ರಾಸ ಇಲ್ಲ," ಎಂದಳು, ಪ್ರೀತಿಯಿಂದಲೇ.

"ಐದನೇದ ಎಲ್ಲಾದರಕಿಂತ ಚಲೋ," ಎಂದಳು ರೇಣುಕಾ.

ನಾನು ಮೂಗು ಹಿಡಿದು ಕ್ಯಾಪ್ಟನ್ನನಾದೆ. "ಅದ ಖರೇ ರದ್ದಿ. ಮೂರ ಕಣ್ಣಿನವರು ಹಡಗಿಗೆ ಬರತಾರ, ಉಣತಾರ, ಹೋಗತಾರ. ಮತ್ತೇನೈತಿ ಅದರಾಗ, ಹೇಳ ನೋಡೂಣು."

ಎಲ್ಲರೂ ನಕ್ಕರು, ಅಜ್ಜಿಯೂ. ರೇಣುಕಾ ಅಜ್ಜಿಯನ್ನೇ ನೋಡುತ್ತ ನನಗೆ ಉತ್ತರ ಕೊಟ್ಟಳು.

"ಅವರನ್ನ ಒಳಗ ಕರೀತಾರಲ್ಲ, ಅದ ಐತಿ."