ತುಂಬಿದ ಬಾಟಲಿ

"ಆ ಹೆಸರಿನವರು ಈ ಕ್ಲಾಸಲ್ಲಿ ಯಾರೂ ಇಲ್ವಲ್ಲ," ಎಂದರು ಟೀಚರ್, ತಿದ್ದುತ್ತಿದ್ದ ನೋಟ್‌ಬುಕ್ಕಿನಿಂದ ತಲೆ ಎತ್ತದೆ. "ಪಕ್ಕದ ಸೆಕ್ಷನ್ನಲ್ಲಿ ಕೇಳಿ ನೋಡಿ."

ಬಾಗಿಲಲ್ಲಿ ನಿಂತಿದ್ದ ಕಂಡಕ್ಟರಮ್ಮನಿಗೆ ನಗು ಬಂತು. ಹೆಗಲಿಗೆ ಟಿಕೆಟ್ಟಿನ ಚೀಲ, ಕೈಯಲ್ಲಿ ಮಗಳು ಬೆಳಿಗ್ಗೆ ಬಿಟ್ಟುಬಂದಿದ್ದ ನೀರಿನ ಬಾಟಲಿ. ಶಾಲೆಯ ಎದುರಿನ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿ, ಡ್ರೈವರಣ್ಣನನ್ನು ಕಾಡಿಬೇಡಿ ಎರಡು ನಿಮಿಷ ಗಿಟ್ಟಿಸಿಕೊಂಡು ಓಡಿಬಂದಿದ್ದಳು. ಮಗಳಿಗೆ ಈ ವರ್ಷ ಆಗಲೇ ಎರಡು ಸಲ ಉರಿಮೂತ್ರವಾಗಿತ್ತು. ನೀರು ಕುಡಿಸಿ, ನೀರು ಕುಡಿಸಿ ಎಂದು ಡಾಕ್ಟರು ಬಡಿದುಕೊಂಡಿದ್ದರು. ಇವಳೋ, ತುಂಬಿ ಕಳಿಸಿದ ಬಾಟಲಿಯನ್ನು ಸಂಜೆ ಹಾಗೇ ತುಂಬಿದ್ದಂತೆಯೇ ವಾಪಸ್ ತರುವವಳು. ಇವತ್ತಂತೂ ಬಾಟಲಿ ಚಪ್ಪಲಿ ಸ್ಟ್ಯಾಂಡಿನ ಹಿಂದೆ ಸಿಕ್ಕಿತ್ತು.

"ಇಲ್ದೆ ಏನು ಮೇಡಂ? ಒಂದನೇ ಕ್ಲಾಸಿಂದ ನಿಮ್ಮ ಹತ್ರಾನೇ ಓದ್ತಿದಾಳೆ. ಅಗೋ, ಕಿಟಕಿ ಪಕ್ಕ, ಮೂರನೇ ಬೆಂಚು."

ಟೀಚರ್ ತಿರುಗಿ ನೋಡಿದರು. ಮುಖ ಅರಳಿತು. "ಅಯ್ಯೋ, ನಮ್ಮ ನಲ್ಲೀನಾ! ಹಾಗೆ ಹೇಳಬಾರದಾ? ಹಾಜರಿ ಎಲ್ಲಾ ನಂಬರಲ್ಲೇ ಕೂಗೋದು ನೋಡಿ, ಹೆಸರು ತಟ್ಟಂತ ಹೊಳೀಲಿಲ್ಲ. ಏಯ್ ನಲ್ಲಿ, ನಿಮ್ಮಮ್ಮ ಬಂದಿದಾರೆ ನೋಡು."

"ನಲ್ಲಿಗೇ ನೀರು ತಂದಿದಾರೆ!" ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಕೂಗಿದ. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮಗಳು ಪುಸ್ತಕದ ಮೇಲೆ ಎಷ್ಟು ಬಗ್ಗಿದ್ದಳೆಂದರೆ ಬಾಗಿಲಿಗೆ ಅವಳ ಬೈತಲೆಯಷ್ಟೇ ಕಾಣುತ್ತಿತ್ತು.

"ನಲ್ಲಿ ಅಂದ್ರೆ ಏನು ಮೇಡಂ?"

"ಅದಾ? ಶಾಲೆಗೆ ಸೇರಿದ ಹೊಸದರಲ್ಲಿ ಇವಳು ಕೂತಲ್ಲೇ ಮಾಡ್ಕೊಂಡ್ಬಿಟ್ಟಿದ್ಲು. ಬೆಂಚಿನ ಕೆಳಗೆಲ್ಲ ನೀರೋ ನೀರು. ಯಾರಪ್ಪಾ ಇಲ್ಲಿ ನಲ್ಲಿ ಬಿಟ್ಟಿರೋದು ಅಂತ ನಾನು ತಮಾಷೆಗೆ ಕೇಳ್ದೆ. ಮಕ್ಕಳು ಹಿಡ್ಕೊಂಡ್ಬಿಟ್ರು. ಪ್ರೀತಿಯಿಂದ ಕರಿಯೋದು ಬಿಡಿ, ಜೊತೇಲಿ ಬೆಳೆದೋರಲ್ವಾ!"

"ಅವಳು ಕೇಳಿದ್ಲು ಟೀಚರ್," ಎಂದಳು ಮಗಳ ಪಕ್ಕದಲ್ಲಿದ್ದ ಎರಡು ಜಡೆಯ ಹುಡುಗಿ. "ಹೊರಗೆ ಹೋಗ್ಲಾ ಅಂತ ಎರಡು ಸಲ ಕೇಳಿದ್ಲು. ನೀವೇ ಬೆಲ್ ಆಗೋವರೆಗೂ ಕೂತ್ಕೋ ಅಂದ್ರಿ."

"ನೀನು ಬಾಯಿ ಮುಚ್ಕೊಂಡು ಲೆಕ್ಕ ಮಾಡು!"

ಕಂಡಕ್ಟರಮ್ಮನ ಮೈ ಉರಿದುಹೋಯಿತು. ಆ ದಿನ ಒದ್ದೆ ಸ್ಕರ್ಟಿನಲ್ಲಿ ಮನೆಗೆ ಬಂದ ಮಗಳು ನೀರು ಚೆಲ್ಲಿಕೊಂಡೆ ಎಂದಿದ್ದಳು. ನೆಟ್ಟಗೆ ನೀರು ಕುಡಿಯಲೂ ಬರುವುದಿಲ್ಲವೇ ಎಂದು ತಾನೇ ಬೈದಿದ್ದಳು. ತುಂಬಿದ ಬಾಟಲಿಗೆ ಎಷ್ಟು ಸಂಜೆ ಬೈದಿದ್ದಳೋ, ಒಂದು ಸಲ ಕೈಯನ್ನೂ ಮಾಡಿದ್ದಳು. ಕುಡಿದರೆ ಹೋಗಬೇಕಾಗುತ್ತದೆ, ಹೋಗಬೇಕಾದರೆ ಈ ಹೆಂಗಸನ್ನು ಕೇಳಬೇಕಾಗುತ್ತದೆ. ಆರು ವರ್ಷದ ಕೂಸನ್ನು ಹಿಡಿದು ಕೂರಿಸಿದ್ದೂ ಅಲ್ಲದೆ ಅದಕ್ಕೊಂದು ಅಡ್ಡಹೆಸರು ಕಟ್ಟಿ, ಮೂರು ವರ್ಷ ದಿನಬೆಳಗಾದರೆ ಎಲ್ಲರೆದುರಿಗೆ ಕೂಗಿ, ಈಗ ಅದನ್ನು ಪ್ರೀತಿ ಅನ್ನುತ್ತಾರಲ್ಲ! ಓದಿದವರಂತೆ, ಮಕ್ಕಳನ್ನು ತಿದ್ದುವವರಂತೆ.

ಹೊರಗೆ ಬಸ್ಸಿನ ಹಾರ್ನ್ ಕೇಳಿತು. ಹೊಡೆದುಕೊಳ್ಳಲಿ ಎಂದುಕೊಂಡು ಅವಳು ಸೀದಾ ಕ್ಲಾಸಿನೊಳಗೆ ನುಗ್ಗಿದಳು.

"ಎಲ್ಲಾ ಎದ್ದು ನಿಂತ್ಕೊಳ್ಳಿ!"

ಕಿಕ್ಕಿರಿದ ಬಸ್ಸಿನಲ್ಲಿ ಎಪ್ಪತ್ತು ಜನರನ್ನು ಒಂದೇ ಕೂಗಿಗೆ ಒಳಗೆ ಸರಿಸುವ ಗಂಟಲು ಅದು. ನಲವತ್ತು ಮಕ್ಕಳೂ ದಡಬಡಿಸಿ ಎದ್ದವು. ಟೀಚರ ಕೈಯಿಂದ ಕೆಂಪು ಪೆನ್ನು ಜಾರಿತು.

"ಇವಳಿಗೊಂದು ಹೆಸರಿದೆ. ಇವಳಜ್ಜಿ, ಇವಳಪ್ಪ, ನಾನು ತಿಂಗಳುಗಟ್ಟಲೆ ಕಿತ್ತಾಡಿ ಇಟ್ಟಿರೋ ಹೆಸರು." ಮಗಳ ಹೆಸರನ್ನು ಅಕ್ಷರ ಬಿಡಿಸಿ ಹೇಳಿದಳು. "ಹೇಳಿ ಎಲ್ಲಾರೂ, ಜೋರಾಗಿ! ನೀವೂ ಹೇಳಿ ಮೇಡಂ, ನೀವೇ ತಾನೇ ಮರೆತಿರೋದು."

ಮಕ್ಕಳು ಹೇಳಿದವು. ಟೀಚರ ತುಟಿಯೂ ಅಲ್ಲಾಡಿತು. ಇನ್ನೊಂದು ಸಲ ಎಂದಳು, ಮತ್ತೂ ಒಂದು ಸಲ ಎಂದಳು. ಮೂರನೇ ಸಲಕ್ಕೆ ಹಿಂದಿನ ಬೆಂಚಿನವನು ಕೊನೆಯ ಅಕ್ಷರವನ್ನು ರಾಗವಾಗಿ ಎಳೆದ. ಎಳೆದರೆ ಎಳೆಯಲಿ, ಹೆಸರು ಹೆಸರೇ ಎಂದುಕೊಂಡು ಬಾಟಲಿಯನ್ನು ಮಗಳ ಮುಂದೆ ಕುಕ್ಕಿ, "ನೀರು ಕುಡಿ. ಹೋಗಬೇಕು ಅನ್ಸಿದ್ರೆ ಎದ್ದು ಹೋಗು, ಯಾರನ್ನೂ ಕೇಳಬೇಡ," ಎಂದು ಹೊರಗೆ ನಡೆದಳು. ಎದೆಯ ಮೇಲಿನ ಭಾರ ಇಳಿದಂತಾಗಿತ್ತು.

ವರಾಂಡದ ತುದಿ ಮುಟ್ಟುವಷ್ಟರಲ್ಲಿ ಹಿಂದೆ ಪುಟ್ಟ ಹೆಜ್ಜೆಗಳ ಸದ್ದಾಯಿತು. ಓಡಿ ಬರುತ್ತಿದ್ದ ಮಗಳನ್ನು ಕಂಡು ಎರಡೂ ಕೈ ಚಾಚಿದಳು. ಮಗಳು ತೆಕ್ಕೆಗೆ ಬರಲಿಲ್ಲ. ನಾಲ್ಕು ಮಾರು ದೂರದಲ್ಲೇ ಮುಷ್ಟಿ ಬಿಗಿಹಿಡಿದು ನಿಂತಳು. ಮುಖ ಕೆಂಪಗಾಗಿತ್ತು.

"ಯಾಕಮ್ಮ ಹೇಳಿಕೊಟ್ಟೆ ಅವರಿಗೆ?"

"ಏನ್ ಹೇಳಿಕೊಟ್ಟೆ ಪುಟ್ಟಾ? ನಿನ್ನ ಹೆಸರು ತಾನೇ ಹೇಳಿದ್ದು?"

ಅಷ್ಟರಲ್ಲಿ ಕ್ಲಾಸಿನೊಳಗಿಂದ ಡೆಸ್ಕು ಬಡಿಯುವ ತಾಳ ಕೇಳಿಸಿತು. ತಾಳದ ಮೇಲೆ ನಲವತ್ತು ಗಂಟಲುಗಳು ಆ ಹೆಸರನ್ನು ಎಳೆದೆಳೆದು ಹಾಡುತ್ತಿದ್ದವು, ನಡುನಡುವೆ ಟೀಚರ ನಗುವೂ ಕೇಳಿಸುತ್ತಿತ್ತು.

"ಅದೊಂದು ಅವರ ಕೈಗೆ ಸಿಗದ ಹಾಗೆ ಇಟ್ಕೊಂಡಿದ್ದೆ," ಎಂದಳು ಮಗಳು.