ಹೊಳೆವ್ವನ ರಂಪಿಗೆ

ಸಿದರಾಯ ರಂಪಿಗೆಯನ್ನು ತಂದು ಹೊಳೆವ್ವನ ಮುಂದೆ ನೆಲದ ಮೇಲಿಟ್ಟ. ಚಪ್ಪಲಿಯ ತೊಗಲು ಕೊಯ್ಯುವ ಕತ್ತಿ ಅದು, ಅವಳ ಗಂಡನದು. ಅವನು ಸತ್ತ ತಿಂಗಳಿಗೇ, ಹನ್ನೆರಡು ವರ್ಷದ ಹಿಂದೆ, ಅವನ ಅಣ್ಣನಾದ ಈ ಭಾವನೇ ಅದನ್ನು ಅವಳ ಕೈಯಿಂದ ಕಸಿದುಕೊಂಡಿದ್ದ. "ಪಟ್ಟಿ ಹೆಣಿಯೂದು ಹೆಂಗಸರ ಕೆಲಸ. ಅಟ್ಟಿ ಕೊಯ್ಯೂದು ಗಂಡಸರದು," ಎಂದು ಅಥಣಿಯ ಆ ಓಣಿಗೆಲ್ಲ ಕೇಳುವಂತೆ ಒದರಿದ್ದ.

"ಭುಜಾ ಮುರದಾಗಿಂದ ತೊಗಲ ಕೊಯ್ಯಾಕ ಬಲಾ ಸಾಲವಲ್ದು, ಹೊಳೆವ್ವಾ. ನಿನ್ನ ಕಡೆ ಏನರ ಕೆಲಸ ಇದ್ರ ಕೊಡು."

ಈ ಮಾತು ಕೇಳಲೆಂದೇ ಅವಳು ಹನ್ನೆರಡು ವರ್ಷ ಕಾದಿದ್ದಳು. ಬಾಗಿಲಲ್ಲೇ ನಿಲ್ಲಿಸಿ ಬೈಯಬೇಕಾದ ಬೈಗುಳಗಳೆಲ್ಲ ಬಾಯಿಪಾಠವಾಗಿದ್ದವು. ಆದರೆ ಕಣ್ಣು ತನ್ನ ಕೈಯಲ್ಲಿದ್ದ ಕತ್ತಿಯ ಮೇಲೆ ಬಿತ್ತು. ಮುರಿದ ಕುಡುಗೋಲನ್ನು ತಾನೇ ಮಸೆದು ಮಾಡಿಕೊಂಡಿದ್ದು. ಕಲಿಯುವಾಗ ಎಡಗೈ ಹೆಬ್ಬೆರಳಿನ ತುದಿಯನ್ನೇ ಅದು ತಿಂದಿತ್ತು. ಈಗ ಓಣಿಯ ಅರ್ಧದಷ್ಟು ಚಪ್ಪಲಿಗಳ ಅಡಿಯ ಅಟ್ಟೆಗಳನ್ನು ಅವಳು ಅದರಲ್ಲೇ ಕೊಯ್ದು ಕೊಡುತ್ತಿದ್ದಳು.

"ಅವತ್ತ ನೀವು ಕಸಗೊಂಡಿದ್ದ ಚಲೋ ಆತ್ರಿ ಭಾವಾ. ಇಲ್ಲಾಂದ್ರ ನಾ ಆ ರಂಪಿಗಿ ಎದಿಗವಚಿಕೊಂಡು ಅಳಕೋತ ಕುಂದರ್ತಿದ್ನಿ." ಚುಚ್ಚಲೆಂದೇ ಆಡಿದ ಮಾತು. ಆಡಿದ ಮೇಲೆ ಅದು ನಿಜವೆಂದು ಅವಳಿಗೇ ಹೊಳೆಯಿತು.

ರಂಪಿಗೆಯನ್ನು ಅವಳು ಮುಟ್ಟಲಿಲ್ಲ. ಒಳಗೆ ಚಾಪೆಯ ಮೇಲೆ ಹೆಂಗಸರು ಸಾಲಾಗಿ ಕೂತು ಚಪ್ಪಲಿಯ ಪಟ್ಟಿ ಹೆಣೆಯುತ್ತಿದ್ದರು. ಅತ್ತ ತಿರುಗಿ ಓಣಿಗೆಲ್ಲ ಕೇಳುವಂತೆ ಕೂಗಿದಳು:

"ಸತ್ತೆವ್ವಾ, ಒಂಚೂರ ಸರಕೊ. ಭಾವಗ ಜಗಾ ಕೊಟ್ಟು, ಹೆಣಿಯೂದು ಕಲಿಸು."